ಎರಡು ದಿನ ನಿಂತರೆ ಕಾರು ಸ್ಟಾರ್ಟ್ ಆಗ್ತಿಲ್ಲ: ಬ್ಯಾಟರಿ ಹೋಯ್ತಾ, ಕರೆಂಟ್ ಎಲ್ಲೋ ಸೋರ್ತಿದೆಯಾ?

ಜೇವರ್ಗಿ ರಸ್ತೆ:
ಎಲ್ಲರಿಗೂ ನಮಸ್ಕಾರ. ಊರು ಕಲಬುರಗಿ. ಪೆಟ್ರೋಲ್ ಹ್ಯಾಚ್‌ಬ್ಯಾಕ್, ಕಂಪನಿಯಿಂದ ಬಂದ 35 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಬ್ಯಾಟರಿಯೇ ಇದೆ, ನಾಲ್ಕನೇ ವರ್ಷ ನಡೆಯುತ್ತಿದೆ. ದಿನಾ ಆಫೀಸಿಗೆ ಓಡಿಸಿದರೆ ಏನೂ ತಕರಾರಿಲ್ಲ. ಶನಿವಾರ, ಭಾನುವಾರ ಮನೆ ಮುಂದೆ ನಿಂತರೆ ಮುಗಿಯಿತು. ಸೋಮವಾರ ಬೆಳಿಗ್ಗೆ ಕೀ ತಿರುಗಿಸಿದರೆ ಬರೀ ಕಟಕಟ ಸದ್ದು, ಸೆಲ್ಫ್ ತಗೊಳ್ಳುವುದಿಲ್ಲ.

ಒಂದು ಅಂಗಡಿಗೆ ಹೋದೆ. ಬಾನೆಟ್ ಎತ್ತಿ ನೋಡಿ "ಬ್ಯಾಟರಿ ಹೋಗಿದೆ, ಹೊಸದು ಹಾಕ್ಸಿ" ಅಂದರು. ಮೀಟರ್ ಕೂಡ ಹಚ್ಚಲಿಲ್ಲ. ನನಗೆ ಸಮಾಧಾನ ಆಗುತ್ತಿಲ್ಲ. ಯಾಕೆಂದರೆ ದೀಪಾವಳಿ ಹೊತ್ತಿಗೆ ದೊಡ್ಡ ಸ್ಕ್ರೀನಿನ ಸ್ಟೀರಿಯೊ, ಹಿಂದಿನ ಕ್ಯಾಮೆರಾ ಹಾಕಿಸಿದ್ದೆ. ಈ ತೊಂದರೆ ಶುರುವಾದದ್ದು ಅದಾದ ಮೇಲೆ. ಹೊಸ ಬ್ಯಾಟರಿ ಹಾಕಿಸಿ ಅದೂ ಹೀಗೇ ಆದರೆ? ಹಾಕಿಸುವುದೇ ಆದರೆ ಯಾವುದು ಒಳ್ಳೆಯದು, ಅದನ್ನೂ ಹೇಳಿ.

ತೊಗರಿ ಸೀಮೆ:
ನಮ್ಮ ಕಡೆಯ ಬಿಸಿಲಿಗೆ ನಾಲ್ಕು ವರ್ಷ ಬಂದಿದ್ದೇ ದೊಡ್ಡದು ರೀ. ಮೇ ತಿಂಗಳಲ್ಲಿ 42-43 ಡಿಗ್ರಿ, ಬಾನೆಟ್ ಒಳಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಯೋಚನೆ ಮಾಡಬೇಡಿ, ಬದಲಿಸಿ.

ಮೀಟರ್ ಮೇಷ್ಟ್ರು, ಶಹಾಬಾದ್:
ಬದಲಿಸಿ ಅಂತ ಹೇಳುವುದು ಸುಲಭ. ಆದರೆ ಅವರು ಕೇಳಿದ ಪ್ರಶ್ನೆಗೆ ಅದು ಉತ್ತರ ಅಲ್ಲ. ದಿನಾ ಓಡಿಸಿದರೆ ಸರಿ ಇದೆ, ಎರಡು ದಿನ ನಿಂತರೆ ಸಾಯುತ್ತದೆ. ಹಾಗಂದರೆ ಎರಡು ಕಾರಣ ಇರಬಹುದು. ಒಂದು, ಬ್ಯಾಟರಿ ಚಾರ್ಜ್ ಹಿಡಿದಿಟ್ಟುಕೊಳ್ಳುತ್ತಿಲ್ಲ. ಇನ್ನೊಂದು, ಕಾರು ಆಫ್ ಇದ್ದಾಗಲೂ ಯಾವುದೋ ಸಾಮಾನು ಕರೆಂಟ್ ಎಳೆಯುತ್ತಿದೆ. ಎರಡೂ ಒಟ್ಟಿಗೆ ಇರಬಹುದು. ಸೋರಿಕೆ ಹುಡುಕದೆ ಹೊಸ ಬ್ಯಾಟರಿ ಹಾಕುವುದು ತೂತು ಬಿದ್ದ ಟಾಕಿಗೆ ಮತ್ತೆ ಮತ್ತೆ ನೀರು ತುಂಬಿದ ಹಾಗೆ.

ಮೊದಲು ಒಂದು ಡಿಜಿಟಲ್ ಮಲ್ಟಿಮೀಟರ್ ತನ್ನಿ. ಸಾಧಾರಣದ್ದೇ ಸಾಕು. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಎರಡು ಟರ್ಮಿನಲ್ ನಡುವೆ ಡಿಸಿ ವೋಲ್ಟ್ ನೋಡಿ. 12.6 ಅಥವಾ ಮೇಲೆ ಇದ್ದರೆ ಪೂರ್ತಿ ಚಾರ್ಜ್ ಇದೆ. 12.4 ಇದ್ದರೆ ಮುಕ್ಕಾಲು. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಬಂದರೆ ಹೆಚ್ಚುಕಡಿಮೆ ಖಾಲಿ. ಆಮೇಲೆ ಒಬ್ಬರನ್ನು ಒಳಗೆ ಕೂರಿಸಿ ಸ್ಟಾರ್ಟ್ ಮಾಡಿಸಿ. ಸೆಲ್ಫ್ ತಿರುಗುವಾಗ ವೋಲ್ಟ್ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೊರಗಿದೆ ಅಂತ ಅನುಮಾನ ಪಡಬೇಕು. ಆದರೆ ಈ ಪರೀಕ್ಷೆ ಪೂರ್ತಿ ಚಾರ್ಜ್ ಆದ ಬ್ಯಾಟರಿ ಮೇಲೆ ಮಾಡಿದರೆ ಮಾತ್ರ ಅರ್ಥ ಇದೆ. ಎಂಜಿನ್ ಓಡುವಾಗ 13.8ರಿಂದ 14.4 ಒಳಗೆ ತೋರಿಸಬೇಕು. ಅಷ್ಟಿದ್ದರೆ ಆಲ್ಟರ್ನೇಟರ್, ಅಂದರೆ ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಸಾಮಾನು, ಚಾರ್ಜ್ ಮಾಡುತ್ತಿದೆ ಅಂತ. 15ರ ಹತ್ತಿರ ಹೋದರೆ ಅದೂ ಕೆಟ್ಟದ್ದೇ, ಬ್ಯಾಟರಿ ನೀರು ಕುದಿದು ಹೋಗುತ್ತದೆ.

ಆಳಂದ ನಾಕಾ:
ಇಷ್ಟೆಲ್ಲ ಯಾಕೆ? ಎಂಜಿನ್ ಓಡುವಾಗ ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ. ಗಾಡಿ ಬಂದ್ ಆಗದಿದ್ದರೆ ಆಲ್ಟರ್ನೇಟರ್ ಸರಿ ಇದೆ. ನಮ್ಮ ಮೇಸ್ತ್ರಿ ಹಾಗೇ ನೋಡುತ್ತಾರೆ.

ಮೀಟರ್ ಮೇಷ್ಟ್ರು, ಶಹಾಬಾದ್:
ದಯವಿಟ್ಟು ಯಾರೂ ಹಾಗೆ ಮಾಡಬೇಡಿ! ಹಳೆಯ ಅಂಬಾಸಿಡರ್, ಹಳೆಯ ಜೀಪ್ ಕಾಲದ ಉಪಾಯ ಅದು. ಈಗಿನ ಕಾರಿನಲ್ಲಿ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಏರ್‌ಬ್ಯಾಗ್ ಮಾಡ್ಯೂಲ್, ಎಬಿಎಸ್ ಎಲ್ಲ ಇವೆ. ಓಡುವ ಎಂಜಿನ್ ಮೇಲೆ ಬ್ಯಾಟರಿ ಬಿಚ್ಚಿದರೆ ಆಲ್ಟರ್ನೇಟರ್ ವೋಲ್ಟೇಜ್ ಒಮ್ಮೆಲೇ ಮೇಲೆ ಹಾರುತ್ತದೆ. ಆಲ್ಟರ್ನೇಟರ್ ಡಯೋಡ್ ಸುಡಬಹುದು, ಇಸಿಯು ಸುಡಬಹುದು. ಹತ್ತಾರು ಸಾವಿರದ ಸಾಮಾನು ಅದು. ಮೀಟರಿನಲ್ಲಿ ಅರ್ಧ ನಿಮಿಷದಲ್ಲಿ ಗೊತ್ತಾಗುವುದಕ್ಕೆ ಇಷ್ಟು ಅಪಾಯ ಬೇಕಾ?

ಆಳಂದ ನಾಕಾ:
ನನ್ನ ಗಾಡಿಗೆ ಇದುವರೆಗೆ ಏನೂ ಆಗಿಲ್ಲ.

ಸೇಡಂ ಸಿಮೆಂಟ್:
ಆಗುವವರೆಗೂ ಆಗುವುದಿಲ್ಲ ಅಣ್ಣಾ. ನಮ್ಮ ಬೀದಿಯಲ್ಲಿ ಒಬ್ಬರ ಡೀಸೆಲ್ ಗಾಡಿಯ ಆಲ್ಟರ್ನೇಟರ್ ಹೀಗೆ ಬಿಚ್ಚಿದಾಗಲೇ ಹೋಯಿತು. ಮೇಷ್ಟ್ರು ಹೇಳುವುದು ಸರಿ.

ಕೋಟೆ ಊರು, ಬೀದರ್:
ನಮ್ಮಲ್ಲಿ ಆದದ್ದು ಹೇಳುತ್ತೇನೆ. ಅಪ್ಪನ ಸೆಡಾನ್. ಹೊಸ ಬ್ಯಾಟರಿ ಹಾಕಿಸಿದರೂ ಮೂರ್ನಾಲ್ಕು ದಿನಕ್ಕೆ ಡೌನ್. ಅಂಗಡಿಯವರು ಬ್ಯಾಟರಿ ಸರಿ ಇದೆ ಅಂತಾರೆ, ಮೇಸ್ತ್ರಿ ಬ್ಯಾಟರಿ ಸರಿ ಇಲ್ಲ ಅಂತಾರೆ. ಕೊನೆಗೆ ನನ್ನ ತಂಗಿ ಡಿಕ್ಕಿ ಒಳಗೆ ಫೋನಿನ ಕ್ಯಾಮೆರಾ ವಿಡಿಯೋ ಆನ್ ಮಾಡಿ ಇಟ್ಟು ಡಿಕ್ಕಿ ಮುಚ್ಚಿದಳು. ತೆಗೆದು ನೋಡಿದರೆ ಒಳಗಿನ ಲೈಟ್ ಉರಿಯುತ್ತಲೇ ಇತ್ತು. ಮುಚ್ಚಿದಾಗ ಲೈಟ್ ಆರಿಸುವ ಸ್ವಿಚ್ ಕೆಟ್ಟಿತ್ತು. 5 ವ್ಯಾಟ್ ಬಲ್ಬ್ ಅಷ್ಟೇ. ಅದು 0.4 ಆಂಪಿಯರ್, ದಿನಕ್ಕೆ 10 ಎಎಚ್ ತಿನ್ನುತ್ತದೆ. ಡ್ಯಾಶ್‌ಬೋರ್ಡ್ ಖಾನೆಯ ಲೈಟ್ ಕೂಡ ಹೀಗೇ ನೋಡಿಕೊಳ್ಳಿ.

ಜೇವರ್ಗಿ ರಸ್ತೆ:
ಡಿಕ್ಕಿ ಲೈಟ್ ನೋಡಿದೆ, ಆರುತ್ತದೆ. ಇವತ್ತು ಬೆಳಿಗ್ಗೆ ಮೀಟರಿನಲ್ಲಿ 12.21. ಎಂಜಿನ್ ಓಡುವಾಗ 14.1. ಆಲ್ಟರ್ನೇಟರ್ ಸರಿ ಇದೆ ಅಂತಾಯಿತು. ಸೋರಿಕೆ ಅಳೆಯುವುದು ಹೇಗೆ?

ಮೀಟರ್ ಮೇಷ್ಟ್ರು, ಶಹಾಬಾದ್:
14.1 ಅಂದರೆ ಚಾರ್ಜಿಂಗ್ ಚೆನ್ನಾಗಿದೆ. ಈಗ ಸೋರಿಕೆಗೆ ಬನ್ನಿ. ಇದನ್ನು ನಿಧಾನವಾಗಿ ಓದಿ, ಆತುರ ಬೇಡ.

ಕೀ ತೆಗೆಯಿರಿ. ಮೊದಲು ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ. ಪ್ಲಸ್ ಮುಟ್ಟಬೇಡಿ. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ. ಮಿಲಿಆಂಪಿಯರ್ ತೂತಿಗೆ ಹಾಕಿದರೆ ಮೀಟರಿನ ಫ್ಯೂಸ್ ಹೋಗುತ್ತದೆ. ಮೀಟರನ್ನು ಬಿಚ್ಚಿದ ಮೈನಸ್ ವೈರ್ ಮತ್ತು ಬ್ಯಾಟರಿಯ ಮೈನಸ್ ಟರ್ಮಿನಲ್ ನಡುವೆ ಹಿಡಿಯಬೇಕು. ಅಂದರೆ ಕಾರಿಗೆ ಹೋಗುವ ಕರೆಂಟೆಲ್ಲ ಮೀಟರ್ ಮೂಲಕವೇ ಹೋಗಬೇಕು. ಈ ಹೊತ್ತಿನಲ್ಲಿ ಯಾವ ಕಾರಣಕ್ಕೂ ಸ್ಟಾರ್ಟ್ ಮಾಡಬೇಡಿ. ಸೆಲ್ಫ್ ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ, ಮೀಟರ್ ಸುಟ್ಟು ಹೋಗುತ್ತದೆ.

ಮೀಟರ್ ಹಚ್ಚಿದ ತಕ್ಷಣ 2-3 ಆಂಪಿಯರ್ ತೋರಿಸಬಹುದು. ಗಾಬರಿ ಬೇಡ. ಒಳಗಿನ ಕಂಪ್ಯೂಟರ್‌ಗಳು ಎಚ್ಚರ ಇರುತ್ತವೆ. ಅವು ನಿದ್ದೆಗೆ ಹೋಗಲು ಅರ್ಧ ಗಂಟೆ ಬೇಕಾಗಬಹುದು. ಬಾಗಿಲು ಮುಚ್ಚಿ, ಕೀಯನ್ನು ದೂರ ಇಡಿ. ಆಮೇಲೆ 20ರಿಂದ 50 ಮಿಲಿಆಂಪಿಯರ್, ಅಂದರೆ 0.02ರಿಂದ 0.05 ತೋರಿಸಿದರೆ ಸಹಜ. ಗಡಿಯಾರ, ಅಲಾರಂ, ಸೆಂಟ್ರಲ್ ಲಾಕ್ ರಿಸೀವರ್ ಇಷ್ಟಕ್ಕೆ ಅಷ್ಟು ಬೇಕು. ಅದಕ್ಕಿಂತ ತುಂಬಾ ಜಾಸ್ತಿ ಬಂದರೆ ಫ್ಯೂಸ್ ಒಂದೊಂದಾಗಿ ಕಿತ್ತು ನೋಡಿ. ಯಾವ ಫ್ಯೂಸ್ ಕಿತ್ತಾಗ ಧಬಕ್ಕನೆ ಇಳಿಯುತ್ತದೋ ಕಳ್ಳ ಆ ಲೈನಿನಲ್ಲಿ ಇದ್ದಾನೆ.

ಇಂಜಿನಿಯರಿಂಗ್ ಹಾಸ್ಟೆಲ್:
ಸರ್, ಒಂದು ತಿದ್ದುಪಡಿ. ಫ್ಯೂಸ್ ಕಿತ್ತು ಮತ್ತೆ ಹಾಕಿದರೆ ಕೆಲವು ಮಾಡ್ಯೂಲ್‌ಗಳು ಎಚ್ಚರ ಆಗಿಬಿಡುತ್ತವೆ, ಮೀಟರಿನ ಅಳತೆ ತಪ್ಪಾಗುತ್ತದೆ. ಫ್ಯೂಸ್ ಮೇಲೆ ಎರಡು ಚಿಕ್ಕ ಲೋಹದ ಚುಕ್ಕೆ ಇರುತ್ತವೆ. ಫ್ಯೂಸ್ ಕೀಳದೆ ಅಲ್ಲೇ ಮಿಲಿವೋಲ್ಟ್ ಅಳೆದರೆ ಸಾಕು. ಸೊನ್ನೆ ಇದ್ದರೆ ಆ ಲೈನಿನಲ್ಲಿ ಕರೆಂಟ್ ಹರಿಯುತ್ತಿಲ್ಲ. ಏನಾದರೂ ತೋರಿಸಿದರೆ ಹರಿಯುತ್ತಿದೆ.

ಮೀಟರ್ ಮೇಷ್ಟ್ರು, ಶಹಾಬಾದ್:
ಒಳ್ಳೆಯ ಮಾತು. ಹೊಸ ಗಾಡಿಗಳಿಗೆ ಅದೇ ಸರಿಯಾದ ದಾರಿ. ಕೀಳುವುದಾದರೆ ಕಿತ್ತ ಫ್ಯೂಸನ್ನು ಕೊನೆಯವರೆಗೂ ಹೊರಗೇ ಇಡಿ.

ವಾಡಿ ಜಂಕ್ಷನ್:
ವೈರ್ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದರೆ ವೈರ್ ಬಿಚ್ಚುವುದೇ ಬೇಡ ಅಲ್ವಾ?

ಇಂಜಿನಿಯರಿಂಗ್ ಹಾಸ್ಟೆಲ್:
ಡಿಸಿ ಅಳೆಯುವ ಕ್ಲ್ಯಾಂಪ್ ಇರಬೇಕು. ಮನೆ ವೈರಿಂಗಿಗೆ ಬಳಸುವ ಅಗ್ಗದ ಕ್ಲ್ಯಾಂಪ್ ಬರೀ ಎಸಿ ಅಳೆಯುತ್ತದೆ, ಕಾರಿನಲ್ಲಿ ಸೊನ್ನೆ ತೋರಿಸುತ್ತದೆ.

ಯಾದಗಿರಿ ಟೀಚರ್:
ನನಗೆ ಇದೆಲ್ಲ ಕಷ್ಟ. ದಿನಾ ಬೆಳಿಗ್ಗೆ 5 ನಿಮಿಷ ಸ್ಟಾರ್ಟ್ ಮಾಡಿ ಬಿಟ್ಟರೆ ಸಾಕು ಅಂತ ಮನೆಯಲ್ಲಿ ಹೇಳುತ್ತಾರೆ. ಅದು ನಿಜಾನಾ?

ಮೀಟರ್ ಮೇಷ್ಟ್ರು, ಶಹಾಬಾದ್:
ಇಲ್ಲ ಮೇಡಂ. ಸ್ಟಾರ್ಟ್ ಮಾಡಲು ಹೋಗುವ ಚಾರ್ಜ್ ನಿಜವಾಗಿ ಕಡಿಮೆಯೇ, ಎರಡು ಸೆಕೆಂಡಿನ ಕೆಲಸ. ಆದರೆ ದಿನಾ ಸೋರಿ ಹೋದದ್ದನ್ನು 5 ನಿಮಿಷದ ಐಡ್ಲಿಂಗ್ ತುಂಬುವುದಿಲ್ಲ. ಬ್ಯಾಟರಿ ನಿಧಾನವಾಗಿ ಚಾರ್ಜ್ ತೆಗೆದುಕೊಳ್ಳುತ್ತದೆ. ವಾರಕ್ಕೊಮ್ಮೆ ಅರ್ಧ ಮುಕ್ಕಾಲು ಗಂಟೆ ರಸ್ತೆಯಲ್ಲಿ ಓಡಿಸಿ. ಸುಮ್ನೆ ನಿಲ್ಲಿಸಿ ಪೆಟ್ರೋಲ್ ಸುಡುವುದಕ್ಕಿಂತ ಅದು ಎಷ್ಟೋ ವಾಸಿ. ರಜೆಗೆ ತಿಂಗಳುಗಟ್ಟಲೆ ಊರಿಗೆ ಹೋಗುವುದಿದ್ದರೆ ಮೈನಸ್ ವೈರ್ ಬಿಚ್ಚಿಟ್ಟು ಹೋಗಿ.

ಬಿಸಿಲೂರು:
ಅಲ್ರಿ, ಚಳಿಗಾಲದಲ್ಲಿ ಬ್ಯಾಟರಿ ಸಾಯುವುದು ಜಾಸ್ತಿ ಅಲ್ವಾ? ನನ್ನ ಹಿಂದಿನ ಎರಡೂ ಬ್ಯಾಟರಿ ಡಿಸೆಂಬರಿನಲ್ಲೇ ಹೋದವು. ಬಿಸಿಲಿಗೆ ಯಾಕೆ ಬೈಯುತ್ತೀರಿ?

ಇಂಜಿನಿಯರಿಂಗ್ ಹಾಸ್ಟೆಲ್:
ಕೊಲ್ಲುವುದು ಬೇಸಿಗೆ, ಗೊತ್ತಾಗುವುದು ಚಳಿಗಾಲದಲ್ಲಿ. ಬಿಸಿಗೆ ಒಳಗಿನ ನೀರು ಆವಿಯಾಗುತ್ತದೆ, ಸೀಸದ ಜಾಲರಿ ಬೇಗ ಸವೆಯುತ್ತದೆ. ಬ್ಯಾಟರಿಯ ಬಿಸಿ 10 ಡಿಗ್ರಿ ಏರಿದರೆ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಈ ಕೆಲಸದವರು ಬಳಸುವ ಅಂದಾಜು ಲೆಕ್ಕ. ಆದರೆ ಬೇಸಿಗೆಯಲ್ಲಿ ಎಂಜಿನ್ ಆಯಿಲ್ ತೆಳ್ಳಗಿರುತ್ತದೆ, ಸೊರಗಿದ ಬ್ಯಾಟರಿಯೂ ಎಂಜಿನ್ ತಿರುಗಿಸುತ್ತದೆ. ಡಿಸೆಂಬರ್ ಬೆಳಿಗ್ಗೆ ಆಯಿಲ್ ಗಟ್ಟಿ, ಬ್ಯಾಟರಿಯ ಶಕ್ತಿಯೂ ಇಳಿದಿರುತ್ತದೆ. ಆಗ ಕೈ ಕೊಡುತ್ತದೆ.

ಕೋಟೆ ಊರು, ಬೀದರ್:
ಅದಕ್ಕೇ ಹೇಳುವುದು ಬೀದರಿಗೆ ಬನ್ನಿ ಅಂತ. ನಮ್ಮದು ಎತ್ತರದ ಊರು, ನಿಮಗಿಂತ ತಂಪು. ಬ್ಯಾಟರಿನೂ ಬಾಳುತ್ತದೆ, ಮನುಷ್ಯರೂ ಬಾಳುತ್ತಾರೆ.

ತೊಗರಿ ಸೀಮೆ:
ತಂಪು ನೀವೇ ಇಟ್ಟುಕೊಳ್ಳಿ. ತೊಗರಿ ಬೇಳೆಗೆ ಮಾತ್ರ ನಮ್ಮ ಹತ್ತಿರವೇ ಬರಬೇಕು.

ಬಿಸಿಲೂರು:
ಬೀದರಿನ ಚಳಿಗೆ ಬೆಳಿಗ್ಗೆ ಆರಕ್ಕೆ ಗಾಡಿ ತೆಗೆದು ನೋಡಿ, ಆಗ ಹೇಳಿ 😄

ಹುಮನಾಬಾದ್ ಬ್ಯಾಟರಿ ಅಂಗಡಿ:
ನಾನು ಈ ವ್ಯಾಪಾರದಲ್ಲೇ ಇದ್ದೇನೆ. ನಮ್ಮ ಗಿರಾಕಿಗಳಿಗೆ ಹೇಳುವುದನ್ನೇ ಇಲ್ಲೂ ಹೇಳುತ್ತೇನೆ.

ಬ್ರಾಂಡ್ ಆಮೇಲೆ ನೋಡಿ, ಮೊದಲು ಸೈಜ್ ನೋಡಿ. ಹಳೆಯ ಬ್ಯಾಟರಿ ಮೇಲೆ 38ಬಿ20ಎಲ್ ಅಂತ ಇದೆ ಅಂದುಕೊಳ್ಳಿ. 38 ಅನ್ನುವುದು ಶಕ್ತಿಯ ದರ್ಜೆ, ಅದು ಎಎಚ್ ಅಲ್ಲ. ತುಂಬಾ ಜನ 38 ಎಎಚ್ ಅಂತ ತಿಳಿಯುತ್ತಾರೆ. ಆ ಬ್ಯಾಟರಿ ಸಾಮಾನ್ಯವಾಗಿ 35 ಎಎಚ್ ಇರುತ್ತದೆ. ಬಿ ಅಂದರೆ ಅಗಲ, ಎತ್ತರದ ಗುಂಪು. 20 ಅಂದರೆ ಉದ್ದ ಸುಮಾರು 20 ಸೆಂ.ಮೀ. ಕೊನೆಯ ಎಲ್ ಅಥವಾ ಆರ್ ಟರ್ಮಿನಲ್ ಯಾವ ಕಡೆ ಅಂತ ಹೇಳುತ್ತದೆ. ಅದು ತಪ್ಪಿದರೆ ಕಾರಿನ ವೈರ್ ಟರ್ಮಿನಲ್‌ಗೆ ಮುಟ್ಟುವುದಿಲ್ಲ. ಎಳೆದು ಕಟ್ಟಲು ಹೋಗಬೇಡಿ. ಕೆಲವು ಗಾಡಿಗಳಿಗೆ ಡಿನ್ 44 ತರದ ಬೇರೆ ಅಳತೆಯ ಬ್ಯಾಟರಿ ಬರುತ್ತದೆ, ಅದರ ಟರ್ಮಿನಲ್ ಒಳಗೆ ತಗ್ಗಿನಲ್ಲಿರುತ್ತದೆ. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ.

ಇನ್ನೊಂದು, ತಯಾರಾದ ತಿಂಗಳು ನೋಡಿ. ಬ್ಯಾಟರಿ ಕಪಾಟಿನಲ್ಲಿ ಕೂತರೂ ತಾನಾಗಿ ಇಳಿಯುತ್ತದೆ, ಬೇಸಿಗೆಯಲ್ಲಿ ಇನ್ನೂ ಬೇಗ. ಮೂರು ತಿಂಗಳ ಒಳಗಿನದು ಕೇಳಿ. ಕೂರಿಸುವ ಮೊದಲು ನಿಮ್ಮ ಮುಂದೆಯೇ ಮೀಟರ್ ಹಚ್ಚಿಸಿ. 12.5ಕ್ಕಿಂತ ಕಡಿಮೆ ತೋರಿಸಿದರೆ ಬೇರೆ ಕೊಡಿ ಅನ್ನಿ. ಅಂಗಡಿಯವರು ಮುಖ ಸಿಂಡರಿಸಿದರೂ ಕೇಳಿ. ದುಡ್ಡು ನಿಮ್ಮದು.

ಸೇಡಂ ಸಿಮೆಂಟ್:
ಎಕ್ಸೈಡ್ ತಗೊಳ್ಳಿ. ಎಲ್ಲಿ ನಿಂತರೂ ಡೀಲರ್ ಸಿಗುತ್ತಾರೆ.

ವಾಡಿ ಜಂಕ್ಷನ್:
ಅಮರಾನ್. ನನ್ನದು ಐದು ವರ್ಷ ಬಂತು, ಒಂದು ಹನಿ ನೀರು ಹಾಕಿಲ್ಲ.

ಸೇಡಂ ಸಿಮೆಂಟ್:
ನಮ್ಮ ಮಾವನ ಎಕ್ಸೈಡ್ ಆರು ಬಂತು.

ತೊಗರಿ ಸೀಮೆ:
ಎಸ್‌ಎಫ್ ಸೋನಿಕ್ ಕೂಡ ಎಕ್ಸೈಡ್ ಕಂಪನಿಯದೇ. ಬೆಲೆ ಕೇಳಿ ನೋಡಿ.

ಹುಮನಾಬಾದ್ ಬ್ಯಾಟರಿ ಅಂಗಡಿ:
ಎರಡೂ ಚೆನ್ನಾಗಿಯೇ ಇವೆ. ಈ ಜಗಳ ಮುಗಿಯುವುದಿಲ್ಲ. ನಿಮ್ಮ ಊರಿನಲ್ಲಿ ಯಾವುದರ ಸರ್ವಿಸ್ ಹತ್ತಿರ ಇದೆ, ಯಾವುದರ ಹೊಸ ಸ್ಟಾಕ್ ಸಿಗುತ್ತದೆ, ವಾರಂಟಿ ಎಷ್ಟು, ಅಷ್ಟು ನೋಡಿದರೆ ಸಾಕು. ವಾರಂಟಿ ವಿಷಯದಲ್ಲಿ ಜನರಿಗೆ ಸರಿಯಾಗಿ ಯಾರೂ ಹೇಳುವುದಿಲ್ಲ. 36+36 ಅಂತ ಬರೆದಿದ್ದರೆ 72 ತಿಂಗಳೂ ಪುಕ್ಕಟೆ ಅಲ್ಲ. ಮೊದಲ 36 ತಿಂಗಳಲ್ಲಿ ಕೆಟ್ಟರೆ ಪುಕ್ಕಟೆ ಬದಲಿ. ಆಮೇಲಿನ 36ರಲ್ಲಿ ಹೊಸದರ ಬೆಲೆಯಲ್ಲಿ ರಿಯಾಯಿತಿ ಮಾತ್ರ. ತಿಂಗಳು ಕಳೆದಂತೆ ಅದೂ ಇಳಿಯುತ್ತದೆ. ಹಾಗಾಗಿ ಎರಡು ಬ್ಯಾಟರಿ ಹೋಲಿಸುವಾಗ ಮೊದಲ ಅಂಕಿ ನೋಡಿ. ಮತ್ತೆ, ಸೋರಿಕೆಯಿಂದ ಬ್ಯಾಟರಿ ಖಾಲಿ ಆದರೆ ಅದು ವಾರಂಟಿಯಲ್ಲಿ ಬರುವುದಿಲ್ಲ. ಚಾರ್ಜ್ ಮಾಡಿ ವಾಪಸ್ ಕೊಡುತ್ತಾರೆ ಅಷ್ಟೇ.

ಬಿಸಿಲೂರು:
35ರ ಬದಲು 45 ಎಎಚ್ ಹಾಕಿಸಿದರೆ ಆಲ್ಟರ್ನೇಟರ್ ಹಾಳಾಗುತ್ತದೆ ಅಂತಾರೆ. ಹೌದಾ?

ಮೀಟರ್ ಮೇಷ್ಟ್ರು, ಶಹಾಬಾದ್:
ಸ್ವಲ್ಪ ದೊಡ್ಡದು ಹಾಕಿದ್ದಕ್ಕೆ ಆಲ್ಟರ್ನೇಟರ್ ಹಾಳಾಗುವುದಿಲ್ಲ. ಕಷ್ಟ ಇರುವುದು ಜಾಗದ್ದು. ತಟ್ಟೆಯಲ್ಲಿ ಸರಿಯಾಗಿ ಕೂತು ಕ್ಲ್ಯಾಂಪ್ ಬಿಗಿಯಾಗಬೇಕು. ಅಲ್ಲಾಡುವ ಬ್ಯಾಟರಿ ನಮ್ಮ ರಸ್ತೆಗಳಲ್ಲಿ ಬೇಗ ಸಾಯುತ್ತದೆ. ಎತ್ತರ ಜಾಸ್ತಿ ಆಗಿ ಪ್ಲಸ್ ಟರ್ಮಿನಲ್ ಬಾನೆಟ್‌ಗೆ ತಾಗಿದರಂತೂ ಬೆಂಕಿಯೇ. ಮತ್ತೆ ಸೋರಿಕೆ ಇದ್ದರೆ 45 ಹಾಕಿದರೂ ಒಂದು ದಿನ ಜಾಸ್ತಿ ತಡೆಯುತ್ತದೆ, ಅಷ್ಟೇ.

ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ತಾನೇ ಆರುವ ಗಾಡಿ ಇರುವವರು ಇದನ್ನು ನೆನಪಿಡಿ. ಅದಕ್ಕೆ ಪದೇ ಪದೇ ಸ್ಟಾರ್ಟ್ ಆಗುವುದನ್ನು ತಡೆಯುವ ಇಎಫ್‌ಬಿ ಅಥವಾ ಎಜಿಎಂ ಜಾತಿಯ ಬ್ಯಾಟರಿ ಬರುತ್ತದೆ. ದುಡ್ಡು ಉಳಿಯುತ್ತದೆ ಅಂತ ಸಾದಾ ಬ್ಯಾಟರಿ ಹಾಕಿಸಬೇಡಿ, ಬೇಗ ಕೂತುಬಿಡುತ್ತದೆ.

ರಿಂಗ್ ರೋಡ್ ಇವಿ:
ಇದೆಲ್ಲ ಪೆಟ್ರೋಲ್ ಗಾಡಿಯ ತಾಪತ್ರಯ. ಎಲೆಕ್ಟ್ರಿಕ್ ತಗೊಳ್ಳಿ ಅಂತ ಹೇಳೋಣ ಅಂದುಕೊಂಡೆ. ಆದರೆ ನಿಜ ಹೇಳಬೇಕಲ್ಲ, ಎಲೆಕ್ಟ್ರಿಕ್ ಕಾರಿನಲ್ಲೂ 12 ವೋಲ್ಟಿನ ಚಿಕ್ಕ ಬ್ಯಾಟರಿ ಇರುತ್ತದೆ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಆನ್ ಆಗುವುದಿಲ್ಲ. ನಮ್ಮ ಪಕ್ಕದ ಮನೆಯವರಿಗೆ ಆಯಿತು.

ಯಾದಗಿರಿ ಟೀಚರ್:
ಕೆಲವರು ಬೋರ್ ನೀರು, ಫಿಲ್ಟರ್ ನೀರು ಹಾಕುತ್ತಾರೆ. ಅದು ನಡೆಯುತ್ತದಾ? ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕೂಡ ಕಟ್ಟುತ್ತದೆ.

ಹುಮನಾಬಾದ್ ಬ್ಯಾಟರಿ ಅಂಗಡಿ:
ಬೋರ್ ನೀರು ಬೇಡವೇ ಬೇಡ. ನಮ್ಮ ಕಡೆಯ ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ. ಮನೆಯ ಫಿಲ್ಟರ್ ನೀರಿನಲ್ಲೂ ಲವಣ ಉಳಿದಿರುತ್ತದೆ. ಡಿಸ್ಟಿಲ್ಡ್ ವಾಟರ್ ಅಂತಲೇ ಕೇಳಿ ತನ್ನಿ. ಮುಚ್ಚಳ ಇರುವ ಬ್ಯಾಟರಿಗೆ ಮಾತ್ರ ಹಾಕಿ, ಗುರುತಿನ ಗೆರೆ ದಾಟಬೇಡಿ. ಆಸಿಡ್ ಯಾವತ್ತೂ ಸೇರಿಸಬೇಡಿ. ಪುಡಿಗೆ ಬಿಸಿ ನೀರಿನಲ್ಲಿ ಅಡುಗೆ ಸೋಡಾ ಕಲಸಿ ಹಳೆಯ ಬ್ರಶ್‌ನಿಂದ ಉಜ್ಜಿ, ಒಣಗಿಸಿ, ವ್ಯಾಸಲಿನ್ ಹಚ್ಚಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಹಾಗೆ ಮಾಡಿದರೆ ಸ್ಪ್ಯಾನರ್ ಕಾರಿನ ಲೋಹಕ್ಕೆ ತಾಗಿದರೂ ಕಿಡಿ ಹಾರುವುದಿಲ್ಲ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಹತ್ತಿರ ಬೀಡಿ ಸಿಗರೇಟು ಬೇಡ.

ಆಳಂದ ನಾಕಾ:
ಜಂಪ್ ಕೊಡುವಾಗಲೂ ಇದೇ ಕ್ರಮಾನಾ?

ಇಂಜಿನಿಯರಿಂಗ್ ಹಾಸ್ಟೆಲ್:
ಕೆಂಪು ವೈರ್ ಪ್ಲಸ್‌ನಿಂದ ಪ್ಲಸ್‌ಗೆ. ಕಪ್ಪು ವೈರ್‌ನ ಒಂದು ತುದಿ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ. ಇನ್ನೊಂದು ತುದಿಯನ್ನು ಸತ್ತ ಬ್ಯಾಟರಿಗೆ ಹಚ್ಚಬೇಡಿ, ಆ ಕಾರಿನ ಎಂಜಿನ್ ಮೇಲಿನ ಬಣ್ಣ ಇಲ್ಲದ ಲೋಹಕ್ಕೆ ಹಚ್ಚಿ. ಕಿಡಿ ಹಾರಿದರೂ ಬ್ಯಾಟರಿಯಿಂದ ದೂರ ಹಾರುತ್ತದೆ.

ಜೇವರ್ಗಿ ರಸ್ತೆ:
ಸಿಕ್ಕಿತು! ಸಂಜೆ ತಮ್ಮನ ಜೊತೆ ಕೂತು ಅಳೆದೆವು. ಮೊದಲು 2.1 ಆಂಪಿಯರ್, ಅರ್ಧ ಗಂಟೆ ಬಿಟ್ಟು 0.38ಕ್ಕೆ ನಿಂತಿತು. ಅದಕ್ಕಿಂತ ಇಳಿಯಲೇ ಇಲ್ಲ. ಫ್ಯೂಸ್ ಮೇಲೆ ಮಿಲಿವೋಲ್ಟ್ ನೋಡಿದೆವು, ಆಡಿಯೊ ಲೈನಿನಲ್ಲಿ ಬಂತು. ಆ ಫ್ಯೂಸ್ ಕಿತ್ತ ತಕ್ಷಣ 0.03! ಸ್ಟೀರಿಯೊ ಹಿಂದೆ ನೋಡಿದರೆ ಹಾಕಿದವರು ಹಳದಿ, ಕೆಂಪು ಎರಡೂ ವೈರ್ ಸೇರಿಸಿ ನೇರ ಬ್ಯಾಟರಿ ಲೈನಿಗೆ ಕೊಟ್ಟಿದ್ದಾರೆ. ಸ್ಕ್ರೀನ್ ಕಪ್ಪಾಗಿ ಕಾಣುತ್ತದೆ, ಆದರೆ ಒಳಗೆ ಆನ್ ಇರುತ್ತದೆ.

ಮೀಟರ್ ಮೇಷ್ಟ್ರು, ಶಹಾಬಾದ್:
ಶಭಾಷ್! ಲೆಕ್ಕವೂ ಸರಿ ಹೊಂದುತ್ತದೆ. 0.38 ಅಂದರೆ ದಿನಕ್ಕೆ 9 ಎಎಚ್. ಎರಡು ದಿನಕ್ಕೆ 18, ನಿಮ್ಮ 35ರಲ್ಲಿ ಅರ್ಧ. ಹಳೆಯ ಬ್ಯಾಟರಿಗೆ ಅಷ್ಟು ಸಾಕು ಕೈ ಎತ್ತಲು. ಹಳದಿ ವೈರ್ ಮೆಮೊರಿಗೆ, ಅದು ಸದಾ ಬ್ಯಾಟರಿ ಲೈನಿನಲ್ಲಿ ಇರಬೇಕು. ಕೆಂಪು ವೈರ್ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಎಸಿಸಿ ಲೈನಿಗೆ ಹೋಗಬೇಕು. ಸೋಮಾರಿತನದಿಂದ ಎರಡನ್ನೂ ಒಟ್ಟಿಗೆ ಸುತ್ತಿ ಟೇಪ್ ಹಚ್ಚಿಬಿಡುತ್ತಾರೆ. ಗಿರಾಕಿಗೆ ಆರು ತಿಂಗಳು ತಲೆನೋವು. ಇದನ್ನು ನೋಡಿದರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ.

ತೊಗರಿ ಸೀಮೆ:
ಹಾಗಾದರೆ ಈಗ ಬ್ಯಾಟರಿ ಬದಲಿಸುವುದು ಬೇಡ್ವಾ?

ಮೀಟರ್ ಮೇಷ್ಟ್ರು, ಶಹಾಬಾದ್:
ಅದನ್ನೂ ಅಳೆದೇ ಹೇಳಬೇಕು. ಮತ್ತೆ ಮತ್ತೆ ಖಾಲಿಯಾದರೆ ಒಳಗಿನ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆ ಭಾಗ ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಹೊರಗಿನ ಚಾರ್ಜರ್‌ನಲ್ಲಿ ಇಡೀ ರಾತ್ರಿ ನಿಧಾನವಾಗಿ ಚಾರ್ಜ್ ಮಾಡಿಸಿ. ಬಿಚ್ಚಿಟ್ಟು ಮರುದಿನ ವೋಲ್ಟ್ ನೋಡಿ. ಆಮೇಲೆ ಲೋಡ್ ಟೆಸ್ಟ್, ಅಂದರೆ ಜೋರಾಗಿ ಕರೆಂಟ್ ಎಳೆದು ವೋಲ್ಟ್ ಎಷ್ಟಕ್ಕೆ ಬೀಳುತ್ತದೆ ಅಂತ ನೋಡುವುದು.

ಜೇವರ್ಗಿ ರಸ್ತೆ:
ಚಾರ್ಜ್ ಮಾಡಿಸಿದೆ. ಬಿಚ್ಚಿಟ್ಟರೂ ಮರುದಿನಕ್ಕೆ 12.3ಕ್ಕೆ ಬಂತು. ಲೋಡ್ ಟೆಸ್ಟಿನಲ್ಲಿ 9ಕ್ಕಿಂತ ಕೆಳಗೆ ಬಿತ್ತು. ಅಂದರೆ ಇದೂ ಮುಗಿದಿದೆ. ವೈರಿಂಗ್ ಮೊದಲು ಸರಿ ಮಾಡಿಸಿದೆ, ಈಗ 0.03 ನಿಂತಿದೆ. ಅದೇ ಸೈಜಿನ, ಅದೇ ಎಲ್ ಟರ್ಮಿನಲ್‌ನ ಹೊಸದು ತೆಗೆದುಕೊಳ್ಳುತ್ತಿದ್ದೇನೆ. ಅಂಗಡಿಯಲ್ಲಿ 12.68 ತೋರಿಸಿತು, ಹೋದ ತಿಂಗಳ ತಯಾರಿ.

ವಾಡಿ ಜಂಕ್ಷನ್:
ಯಾವ ಬ್ರಾಂಡ್ ಅಂತ ಹೇಳಲೇ ಇಲ್ಲ!

ಜೇವರ್ಗಿ ರಸ್ತೆ:
ಹೇಳಿದರೆ ಮತ್ತೆ ಜಗಳ ಶುರುವಾಗುತ್ತದೆ. ಹಳೆಯದನ್ನು ಏನು ಮಾಡಲಿ? ಗುಜರಿಯವರು ಕೇಳುತ್ತಿದ್ದಾರೆ.

ಹುಮನಾಬಾದ್ ಬ್ಯಾಟರಿ ಅಂಗಡಿ:
ಗುಜರಿಗೆ ಕೊಡಬೇಡಿ. ಹೊಸದು ಕೊಳ್ಳುವ ಅಂಗಡಿಗೇ ಕೊಟ್ಟು ಬೆಲೆಯಲ್ಲಿ ಕಡಿತ ಮಾಡಿಸಿಕೊಳ್ಳಿ. ಒಳಗೆ ಸೀಸ, ಆಸಿಡ್ ಇವೆ. ಕೆಲವರು ಬಯಲಲ್ಲಿ ಒಡೆದು ಆಸಿಡ್ ಮಣ್ಣಿಗೆ ಸುರಿಯುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಬಿಲ್‌ನಲ್ಲಿ ಹಳೆಯ ಬ್ಯಾಟರಿ ಕಡಿತ ಎಷ್ಟು ಅಂತ ಬೇರೆಯಾಗಿ ಬರೆಸಿ. ವಾರಂಟಿ ಕಾರ್ಡಿನಲ್ಲಿ ಸೀರಿಯಲ್ ನಂಬರ್, ದಿನಾಂಕ, ಅಂಗಡಿ ಮುದ್ರೆ ಮೂರೂ ಇವೆಯಾ ನೋಡಿಕೊಂಡೇ ಹೊರಡಿ.

ಯಾದಗಿರಿ ಟೀಚರ್:
ನಮ್ಮ ಕಾರಿನಲ್ಲೂ ಹೊರಗೆ ಹಾಕಿಸಿದ ಸ್ಟೀರಿಯೊನೇ ಇದೆ. ಭಾನುವಾರ ಮೀಟರ್ ತರಿಸುತ್ತೇನೆ. ಮೇಷ್ಟ್ರೇ, ಫ್ಯೂಸ್ ನೋಡಲು ಬಾಗಿಲು ತೆರೆದಿಟ್ಟು ಅಳೆಯಬೇಕಾದರೆ ಒಳಗಿನ ಲೈಟ್ ಉರಿಯುತ್ತಲ್ಲ, ಅದಕ್ಕೆ ಏನು ಮಾಡುವುದು?

ಮೀಟರ್ ಮೇಷ್ಟ್ರು, ಶಹಾಬಾದ್:
ಬಾಗಿಲಿನ ಲಾಕ್ ಕೊಂಡಿಯನ್ನು ಸ್ಕ್ರೂಡ್ರೈವರ್‌ನಿಂದ ಒಳಗೆ ಒತ್ತಿ. ಬಾಗಿಲು ಮುಚ್ಚಿದೆ ಅಂತ ಗಾಡಿ ತಿಳಿಯುತ್ತದೆ. ಅಳೆದಾದ ಮೇಲೆ ಹಿಡಿಕೆ ಎಳೆದು ಕೊಂಡಿ ಬಿಡಿಸಿ, ಆಮೇಲೇ ಬಾಗಿಲು ಮುಚ್ಚಿ. ಇಲ್ಲದಿದ್ದರೆ ಲಾಕ್ ಮುರಿಯುತ್ತದೆ. ಅಳತೆ ಎಷ್ಟು ಬಂತು ಅಂತ ಇಲ್ಲೇ ಹಾಕಿ, ನೋಡೋಣ.